ಸೌದೆ ಕೊಯ್ಯುವ ಮೆಷಿನ್: ನಿಮ್ಮ ತೋಟಕ್ಕೆ ಎಷ್ಟು ಇಂಚಿನ ಬಾರ್ ಸಾಕು?

ನಮ್ಮ ಕಡೆ ಸೌದೆಯ ಲೆಕ್ಕ ಹಾಕುವುದು ಮಳೆಗಾಲವನ್ನು ನೋಡಿಕೊಂಡು. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್ ತನಕ ಬಚ್ಚಲ ಒಲೆ ಆರುವ ಹಾಗಿಲ್ಲ. ಮಡಿಕೇರಿ ಕಡೆ ವರ್ಷಕ್ಕೆ 3000 ಮಿ.ಮೀ. ಮೀರಿ ಸುರಿಯುತ್ತದೆ. ಹಸಿ ಸೌದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡವರಿಗೆ ಇದು ಗೊತ್ತು: ಕೊಯ್ಯುವ, ಸೀಳುವ ಕೆಲಸ ಮಾರ್ಚ್ ಒಳಗೆ ಮುಗಿದಿರಬೇಕು. ಆಮೇಲೆ ಎರಡು ತಿಂಗಳಾದರೂ ಬಿಸಿಲು ಕಾಣಬೇಕು. ಆದರೆ ಅದೇ ಹೊತ್ತಿಗೆ ರೋಬಸ್ಟಾ ಕಾಫಿ ಕೊಯ್ಲು, ಕಣದಲ್ಲಿ ಕಾಫಿ ಒಣಗಿಸುವುದು, ಹೂವಿಗೆ ನೀರು ಹಾಯಿಸುವುದು ಎಲ್ಲ ಒಟ್ಟಿಗೆ ಬರುತ್ತವೆ. ಸೌದೆಗೆ ಅಂತ ಆಳು ಸಿಗುವುದಿಲ್ಲ. ಹಾಗಾಗಿ ಸಣ್ಣ ತೋಟದವರೂ ಈಗ ಸ್ವಂತ ಮೆಷಿನ್ (ಚೈನ್ ಸಾ) ತೆಗೆದುಕೊಳ್ಳುತ್ತಿದ್ದಾರೆ.

ನಾನು ತೆಗೆದುಕೊಂಡ ಮೊದಲ ಮೆಷಿನ್ 58 ಸಿಸಿಯದ್ದು, 22 ಇಂಚಿನ ಬಾರ್. ಬಾರ್ ಅಂದರೆ ಚೈನ್ ಓಡುವ ಚಪ್ಪಟೆ ಪಟ್ಟಿ. ಅಂಗಡಿಯವರು ‘ದೊಡ್ಡದೇ ತಗೊಳ್ಳಿ, ಮುಂದೆ ಎಲ್ಲದಕ್ಕೂ ಆಗುತ್ತೆ’ ಅಂದರು. ನಾನೂ ನಂಬಿದೆ. ಎರಡನೇ ದಿನವೇ ಬಿದ್ದ ಸಿಲ್ವರ್ ಓಕ್ ಒಂದನ್ನು ಕಾಫಿ ಸಾಲಿನ ಮಧ್ಯೆ ತುಂಡು ಮಾಡುತ್ತಿದ್ದೆ. ದಿಮ್ಮಿ ಇದ್ದದ್ದು 9 ಇಂಚು ದಪ್ಪ. ಬಾರ್ ಒಂದು ಅಡಿಗೂ ಜಾಸ್ತಿ ಆಚೆ ಚಾಚಿಕೊಂಡಿತ್ತು. ಅದರ ತುದಿ ಹಿಂದಿದ್ದ ರೋಬಸ್ಟಾ ಬುಡಕ್ಕೆ ತಾಗಿದ್ದೇ ತಡ, ಮೆಷಿನ್ ಒದ್ದು ನನ್ನ ಮುಖದ ಕಡೆ ಎದ್ದಿತು. ಚೈನನ್ನು ತಟ್ಟನೆ ನಿಲ್ಲಿಸುವ ಚೈನ್ ಬ್ರೇಕ್ ಬಿದ್ದಿದ್ದರಿಂದ ಉಳಿದುಕೊಂಡೆ. ಜೊತೆಗಿದ್ದ ಹುಡುಗ ‘ಅಣ್ಣಾ, ಇವತ್ತಿಗೆ ಸಾಕು’ ಅಂದ. ಆವತ್ತಿನ ಕೆಲಸ ಅಲ್ಲಿಗೇ ನಿಲ್ಲಿಸಿದೆವು.

ಈ ಲೇಖನ ಬರೆಯಲು ಅದೇ ಕಾರಣ. ಮೆಷಿನ್ ಆರಿಸುವಾಗ ತೋಟದ ಅತಿ ದೊಡ್ಡ ಮರವನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ದಿನಾ ಕೊಯ್ಯುವ ದಿಮ್ಮಿ ಎಷ್ಟು ದಪ್ಪ ಅಂತ ನೋಡಿ, ಅದಕ್ಕೆ ತಕ್ಕದ್ದನ್ನು ತನ್ನಿ.

ಮೊದಲು ರಾಶಿಯನ್ನು ಅಳೆಯಿರಿ

ಅಂಗಡಿಗೆ ಹೋಗುವ ಮುಂಚೆ ಒಂದು ಟೇಪು ಹಿಡಿದು ತೋಟದಲ್ಲಿ ಸುತ್ತಿ. ಟೇಪು ಇಲ್ಲದಿದ್ದರೆ ಹಗ್ಗ ಸಾಕು. ನಮ್ಮಲ್ಲಿ ಮರ ಅಳೆಯುವುದು ಸುತ್ತಳತೆಯಲ್ಲಿ, ಬಾರ್ ಬೇಕಾಗುವುದು ದಪ್ಪದ ಲೆಕ್ಕದಲ್ಲಿ. ಸುತ್ತಳತೆಯನ್ನು ಮೂರರಿಂದ ಭಾಗಿಸಿದರೆ ದಪ್ಪ ಸಿಗುತ್ತದೆ. ಸುತ್ತಳತೆ 36 ಇಂಚು ಇದ್ದರೆ ದಪ್ಪ 12 ಇಂಚು. ನಿಜವಾದ ಲೆಕ್ಕಕ್ಕಿಂತ ಇದು ಒಂಚೂರು ಜಾಸ್ತಿಯೇ ತೋರಿಸುತ್ತದೆ. ತೊಂದರೆ ಇಲ್ಲ, ಜಾಸ್ತಿ ಇದ್ದರೆ ಒಳ್ಳೆಯದೇ.

ಕಳೆದ ಎರಡು ಮೂರು ವರ್ಷ ನಿಮ್ಮ ಸೌದೆ ಎಲ್ಲಿಂದ ಬಂತು ಅಂತ ನೆನಪು ಮಾಡಿಕೊಳ್ಳಿ. ನಮ್ಮ ಹಾಗೆ ಸಾಧಾರಣ ತೋಟ ಇದ್ದವರಿಗೆ ಅದು ಮೂರು ಕಡೆಯಿಂದ ಬರುತ್ತದೆ. ಒಂದು, ಮರಕಪಾತಿನಲ್ಲಿ, ಅಂದರೆ ನೆರಳುಮರ ಸವರುವಾಗ, ಇಳಿಸಿದ ಕೊಂಬೆಗಳು. ಇವು 3 ಇಂಚಿನಿಂದ 8 ಇಂಚಿನವರೆಗೆ ಇರುತ್ತವೆ. ಎರಡು, ಗಾಳಿಗೆ ಬಿದ್ದ ಅಥವಾ ಒಣಗಿದ ಸಿಲ್ವರ್ ಓಕ್. ಬುಡದ ಕಡೆ 12ರಿಂದ 16 ಇಂಚು, ಮೇಲೆ ಹೋದ ಹಾಗೆ ಸಣ್ಣ. ಮೂರು, ಕಿತ್ತು ಹಾಕಿದ ಹಳೆಯ ಕಾಫಿ ಬುಡಗಳು. ಇವು ದಪ್ಪ ಇಲ್ಲ, ಆದರೆ ಕಲ್ಲಿನ ಹಾಗೆ ಗಟ್ಟಿ, ಬೇರಿನಲ್ಲಿ ಮಣ್ಣು ಹಿಡಿದಿರುತ್ತದೆ.

ಇದರ ಜೊತೆ ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಹಲಸು, ಅತ್ತಿ ಅಥವಾ ಕಾಡುಮರ ಉರುಳುತ್ತದೆ. ಅದರ ಬೊಡ್ಡೆ ಎರಡೂವರೆ ಅಡಿ ದಪ್ಪ ಇರಬಹುದು. ಅದೊಂದಕ್ಕಾಗಿ ದೊಡ್ಡ ಮೆಷಿನ್ ತರುವುದು ಬೇಡ. ಅಂಥ ಮರಕ್ಕೆ ದೊಡ್ಡ ಮೆಷಿನ್‌ನವರನ್ನು ಒಂದು ದಿನಕ್ಕೆ ಕರೆಸಿ. ಬೊಡ್ಡೆಯನ್ನು ಅವರು ತುಂಡು ಮಾಡಿ ಹೋದರೆ ಉಳಿದದ್ದನ್ನು ನೀವು ನಿಧಾನಕ್ಕೆ ಕೊಯ್ದುಕೊಳ್ಳಬಹುದು.

ಆಮೇಲೆ ಬಾರಿನ ಉದ್ದ

ಅಂಗಡಿಯಲ್ಲಿ ಬ್ಲೇಡ್ ಅಂದರೂ ಬಾರ್ ಅಂದರೂ ಒಂದೇ. ಉದ್ದವನ್ನು ಮೆಷಿನ್ ಮೈಯಿಂದ ಹೊರಗೆ ಕಾಣುವ ಭಾಗಕ್ಕೆ ಹೇಳುತ್ತಾರೆ. 12 ಇಂಚು ಅಂದರೆ 30 ಸೆಂ.ಮೀ., 16 ಅಂದರೆ 40, 18 ಅಂದರೆ 45.

ಲೆಕ್ಕ ಸುಲಭ. ಹೆಚ್ಚಾಗಿ ಕೊಯ್ಯುವ ದಿಮ್ಮಿಯ ದಪ್ಪಕ್ಕೆ 2 ಇಂಚು ಸೇರಿಸಿ. 12 ಇಂಚಿನ ದಿಮ್ಮಿಗೆ 14, 14 ಇಂಚಿನದಕ್ಕೆ 16. ಇಷ್ಟಿದ್ದರೆ ಒಂದೇ ಏಟಿಗೆ ಕೊಯ್ಯಬಹುದು. ಅಪರೂಪಕ್ಕೆ ದಪ್ಪದ್ದು ಸಿಕ್ಕಿದರೆ ಒಂದು ಕಡೆಯಿಂದ ಅರ್ಧ ಕೊಯ್ದು, ಆಚೆ ಹೋಗಿ ಉಳಿದರ್ಧ ಕೊಯ್ಯಬಹುದು. ಹಾಗೆ ಮಾಡಿದರೆ 16 ಇಂಚಿನ ಬಾರಿನಲ್ಲಿ ಎರಡು ಅಡಿ ದಪ್ಪದ ದಿಮ್ಮಿಯೂ ಆಗುತ್ತದೆ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೇ.

ಉದ್ದದ ಬಾರ್ ಇದ್ದರೆ ಬಗ್ಗುವುದು ಕಡಿಮೆ ಅನ್ನುವುದು ನಿಜ. ಚಪ್ಪಟೆ ಕಣದಲ್ಲಿ, ಸಾಮಿಲ್ ಅಂಗಳದಲ್ಲಿ ಅದು ಅನುಕೂಲವೇ. ನಮ್ಮ ಇಳಿಜಾರಿನಲ್ಲಿ, ಕಾಫಿ ಗಿಡಗಳ ನಡುವೆ ಕಥೆ ಬೇರೆ. ಆಚೆ ಚಾಚಿದ ತುದಿ ಗಿಡಕ್ಕೆ ತಾಗುತ್ತದೆ, ಕಲ್ಲಿಗೆ ತಾಗುತ್ತದೆ, ಮಣ್ಣಿಗೆ ಇಳಿಯುತ್ತದೆ. ಮಣ್ಣಿಗೆ ಒಂದು ಸಲ ಇಳಿದರೆ ಸಾಕು, ಬೆಳಿಗ್ಗೆ ಹಿಡಿದ ಸಾಣೆ ಹೋಯಿತು. ಮೂತಿ ಭಾರ ಆಗಿ ಸೊಂಟ, ಮಣಿಕಟ್ಟು ಎರಡೂ ಸೋಲುತ್ತವೆ. ಚೈನ್ ಉದ್ದ ಆದಷ್ಟು ಹಲ್ಲೂ ಜಾಸ್ತಿ, ಸಾಣೆ ಹಿಡಿಯುವ ಹೊತ್ತೂ ಜಾಸ್ತಿ, ಇಂಜಿನ್ ಎಳೆಯಬೇಕಾದ ಭಾರವೂ ಜಾಸ್ತಿ.

ನನ್ನ ಅಭಿಪ್ರಾಯ ಕೇಳಿದರೆ, ಐದು ಹತ್ತು ಎಕರೆಯ ಕಾಫಿ ತೋಟಕ್ಕೆ 16 ಇಂಚು ಸಾಕು. ಕಪಾತು ಕೊಂಬೆ, ಕಾಫಿ ಬುಡ ಮಾತ್ರ ಅಂದರೆ 12 ಅಥವಾ 14. ಸಿಲ್ವರ್ ಓಕ್ ದಪ್ಪದ್ದೇ ಜಾಸ್ತಿ ಇದ್ದರೆ 18. ಅದಕ್ಕಿಂತ ಮೇಲಿನದು ನಾಟಾ ಕೆಲಸದವರಿಗೆ.

ಇಂಜಿನ್ ಬಾರಿಗೆ ತಕ್ಕಂತಿರಲಿ

ಬಾರ್ ಗೊತ್ತಾದ ಮೇಲೆ ಇಂಜಿನ್. ಎಷ್ಟೋ ಜನ ಇದನ್ನು ಉಲ್ಟಾ ಮಾಡುತ್ತಾರೆ.

30ರಿಂದ 35 ಸಿಸಿ ಇಂಜಿನ್‌ಗೆ 12, 14 ಇಂಚು ಸರಿ. 16 ಹಾಕಿಕೊಡುತ್ತಾರೆ, ಓಡುತ್ತದೆ ಕೂಡ. ಆದರೆ ಗಟ್ಟಿ ಮರದಲ್ಲಿ ಪೂರ್ತಿ ಬಾರ್ ಮುಳುಗಿದಾಗ ಉಸಿರು ಕಟ್ಟಿದ ಹಾಗೆ ಆಗುತ್ತದೆ. 40ರಿಂದ 50 ಸಿಸಿಗೆ 16, 18 ಇಂಚು. 60, 70 ಸಿಸಿ ಮತ್ತು ಅದಕ್ಕೂ ಮೇಲಿನದಕ್ಕೆ 20ರಿಂದ 25 ಇಂಚು.

ನಮ್ಮ ಕಡೆ ಕಾಣಸಿಗುವ ಮೆಷಿನ್‌ಗಳಲ್ಲೇ ಹೇಳುವುದಾದರೆ, ಸ್ಟಿಲ್ ಕಂಪನಿಯ ಎಂಎಸ್ 180 ಸುಮಾರು 32 ಸಿಸಿಯದ್ದು. ಬಾರ್, ಚೈನ್ ಬಿಟ್ಟು 4 ಕೆ.ಜಿ. ಆಸುಪಾಸು. ಕಪಾತು ಕೊಂಬೆಗೆ, ಮನೆ ಸೌದೆಗೆ ಹೇಳಿ ಮಾಡಿಸಿದ್ದು. ಎಂಎಸ್ 250 ಮತ್ತು ಹಸ್ಕ್ವರ್ನಾ 445 ಎರಡೂ 45 ಸಿಸಿ ಆಸುಪಾಸಿನವು. 16 ಅಥವಾ 18 ಇಂಚಿನ ಬಾರ್ ಹಾಕಿದರೆ ತೋಟದ ಮುಕ್ಕಾಲು ಪಾಲು ಕೆಲಸ ಇವುಗಳಲ್ಲೇ ಮುಗಿಯುತ್ತದೆ. ಎಂಎಸ್ 382 ಸುಮಾರು 72 ಸಿಸಿ, ಬಾರ್ ಇಲ್ಲದೆಯೇ 6 ಕೆ.ಜಿ. ಮೇಲೆ. ಪೆಟ್ರೋಲ್, ಆಯಿಲ್, ಬಾರ್ ಸೇರಿದರೆ ಎಷ್ಟಾಗುತ್ತದೆ ಯೋಚಿಸಿ. ಅದನ್ನು ಹೊತ್ತು ತೋಟದ ಕೆಳಗಿನ ತೋಡಿನಿಂದ ಮೇಲಿನ ರಸ್ತೆಗೆ ಒಂದು ಸಲ ಹತ್ತಿದರೆ ಭಾರ ಏನು ಅಂತ ಗೊತ್ತಾಗುತ್ತದೆ.

58 ಸಿಸಿ, 22 ಇಂಚು ಅಂತ ಕಡಿಮೆ ಬೆಲೆಗೆ ಬರುವ ಮೆಷಿನ್‌ಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೊಯ್ಯುವುದಿಲ್ಲ ಅಂತಲ್ಲ. ಈಗಾಗಲೇ ತಂದಿದ್ದರೆ ಎಸೆಯಬೇಡಿ, ಅದೇ ಮೆಷಿನ್‌ಗೆ ಹೊಂದುವ 18 ಇಂಚಿನ ಬಾರ್ ಮತ್ತು ಚೈನ್ ಹಾಕಿಸಿ. ಇಂಜಿನ್‌ಗೆ ಉಸಿರಾಡಲು ಜಾಗ ಸಿಗುತ್ತದೆ, ಕೈಗೂ ಹಗುರ. ನನ್ನದಕ್ಕೆ ಹಾಗೇ ಮಾಡಿಸಿದೆ, ಅದು ಬೇರೆಯೇ ಮೆಷಿನ್ ಆದ ಹಾಗಾಯಿತು. ಹೊಸದು ತರುವವರು ಮಾತ್ರ ಒಂದು ವಿಷಯ ನೋಡಿ: ಸ್ಪೇರ್ ಪಾರ್ಟ್, ರಿಪೇರಿ ಗೋಣಿಕೊಪ್ಪ, ಕುಶಾಲನಗರ, ಸೋಮವಾರಪೇಟೆ, ಹೀಗೆ ನಿಮಗೆ ಹತ್ತಿರದ ಪೇಟೆಯಲ್ಲಿ ಸಿಗುತ್ತದಾ? ಮಾರ್ಚ್‌ನಲ್ಲಿ ಕಾರ್ಬೊರೇಟರ್ ಕೈಕೊಟ್ಟರೆ ಪಾರ್ಟ್ ಬರಲು 15 ದಿನ ಕಾದು ಕೂರುವ ಹಾಗಿಲ್ಲ.

ಮನೆ ಪಕ್ಕದ ಕೊಟ್ಟಿಗೆಯಲ್ಲೇ ಕೊಯ್ಯುವವರಿಗೆ ಕರೆಂಟ್ ಮೆಷಿನ್ ಒಳ್ಳೆಯದು. ಹೊಗೆ ಇಲ್ಲ, ಸದ್ದು ಕಡಿಮೆ, ಸ್ಟಾರ್ಟ್ ಮಾಡುವ ಕಷ್ಟ ಇಲ್ಲ. ಆದರೆ ಗಾಳಿಗೆ ಮರ ಬಿದ್ದ ದಿನ ಕರೆಂಟೂ ಇರುವುದಿಲ್ಲ, ವಯರೂ ತೋಟದ ತನಕ ಹೋಗುವುದಿಲ್ಲ. ಮಳೆಯಲ್ಲಂತೂ ಅದನ್ನು ಮುಟ್ಟಬೇಡಿ.

ಚೈನ್ ಕೊಳ್ಳುವಾಗ ಮೂರು ನಂಬರ್

ಎರಡನೇ ಚೈನ್ ತರಲು ಹೋದಾಗ ಎಲ್ಲರೂ ಎಡವುವ ಜಾಗ ಇದು. ‘16 ಇಂಚಿನ ಚೈನ್ ಕೊಡಿ’ ಅಂದರೆ ಸಾಲದು. ಒಂದು ಮೆಷಿನ್‌ನ 16 ಇಂಚಿನ ಬಾರಿಗೆ 55 ಒಳಹಲ್ಲಿನ ಚೈನ್ ಬೇಕಾದರೆ, ಇನ್ನೊಂದರ 16 ಇಂಚಿಗೆ 66 ಒಳಹಲ್ಲಿನದು ಬೇಕು. ನೋಡಬೇಕಾದ್ದು ಮೂರು. ಪಿಚ್, ಅಂದರೆ ಕೊಂಡಿಗಳ ನಡುವಿನ ಅಳತೆ, ಸಣ್ಣ ಮೆಷಿನ್‌ನಲ್ಲಿ 3/8 ಇಂಚಿನ ಲೋ ಪ್ರೊಫೈಲ್ (ಎತ್ತರ ಕಡಿಮೆ ಇರುವ ಚೈನ್), ಮಧ್ಯಮದ್ದರಲ್ಲಿ ಹೆಚ್ಚಾಗಿ .325 ಇಂಚು. ಗೇಜ್, ಅಂದರೆ ಬಾರಿನ ಸಂದಿಯಲ್ಲಿ ಕೂರುವ ಒಳಹಲ್ಲಿನ ದಪ್ಪ, .043, .050, .058 ಅಥವಾ .063 ಇಂಚು. ಮೂರನೆಯದು ಆ ಒಳಹಲ್ಲುಗಳ ಸಂಖ್ಯೆ. ಇವು ಸಾಮಾನ್ಯವಾಗಿ ಬಾರಿನ ಬುಡದಲ್ಲೇ ಅಚ್ಚು ಹಾಕಿರುತ್ತವೆ. ಅಳಿಸಿ ಹೋಗಿದ್ದರೆ ಹಳೆ ಚೈನನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ.

ಹಲ್ಲಿನಲ್ಲೂ ಎರಡು ಥರ ಇದೆ. ಮೂಲೆ ಚೂಪಾಗಿ ಚೌಕ ಇರುವ ಹಲ್ಲು ಶುದ್ಧ ಮರದಲ್ಲಿ ಬೇಗ ಕೊಯ್ಯುತ್ತದೆ, ಮಣ್ಣು ತಾಗಿದರೆ ಅಷ್ಟೇ ಬೇಗ ಮೊಂಡಾಗುತ್ತದೆ. ಮೂಲೆ ದುಂಡಗಿರುವ ಹಲ್ಲು, ಸೆಮಿ ಚಿಸೆಲ್ ಅನ್ನುತ್ತಾರೆ, ಸ್ವಲ್ಪ ನಿಧಾನ, ಆದರೆ ಧೂಳು, ಮಣ್ಣು, ಒಣ ಮರ ತಾಳಿಕೊಳ್ಳುತ್ತದೆ. ಕಾಫಿ ಬುಡ ಕೊಯ್ಯುವ ನಮಗೆ ಎರಡನೆಯದೇ ಸರಿ. ‘ಲೋ ಕಿಕ್‌ಬ್ಯಾಕ್’ (ಒದೆಯುವುದು ಕಡಿಮೆ) ಅಂತ ಬರೆದ ಚೈನ್ ಸಿಕ್ಕಿದರೆ, ಹೊಸಬರು ಅದನ್ನೇ ತೆಗೆದುಕೊಳ್ಳಿ.

ಅಂಗಡಿಯಲ್ಲಿ ಕೈಗೆ ತೆಗೆದುಕೊಂಡು ನೋಡಿ

ಮೆಷಿನ್ ಎತ್ತಿ ಎರಡು ನಿಮಿಷ ಕೊಯ್ಯುವ ಭಂಗಿಯಲ್ಲಿ ಹಿಡಿದು ನಿಲ್ಲಿ. ಮೂತಿ ತಾನಾಗಿ ಕೆಳಗೆ ಎಳೆದರೆ ಬಾರ್ ಆ ಮೆಷಿನ್‌ಗೆ ಉದ್ದ ಆಯಿತು ಅಂತ ಲೆಕ್ಕ. ಚೈನ್ ಬ್ರೇಕ್ ಟಕ್ ಅಂತ ಬೀಳಬೇಕು. ಚಾಲೂ ಮಾಡಿಸಿ, ಬಾರಿನ ತುದಿಯನ್ನು ಒಂದು ರಟ್ಟಿನ ಹತ್ತಿರ ಹಿಡಿದು ರೇಸ್ ಕೊಡಿಸಿ. ರಟ್ಟಿನ ಮೇಲೆ ಎಣ್ಣೆಯ ಗೆರೆ ಬಿದ್ದರೆ ಆಯಿಲ್ ಪಂಪ್ ಸರಿ ಇದೆ.

ಅದೇ ದಿನ ಹೆಲ್ಮೆಟ್, ಮುಖಕ್ಕೆ ಜಾಲರಿ, ಕಿವಿಗೆ ಮಫ್, ಗ್ಲೌಸ್ ತನ್ನಿ. ಚೈನ್ ತಡೆಯುವ ಪ್ಯಾಂಟ್ ಸಿಕ್ಕಿದರೆ ದುಡ್ಡು ಜಾಸ್ತಿ ಅಂತ ಹಿಂಜರಿಯಬೇಡಿ. ದೊಡ್ಡ ಗಾಯಗಳು ಹೆಚ್ಚಾಗಿ ಕಾಲಿಗೆ ಆಗುವುದು. ಗಂಬೂಟ್ ಜಿಗಣೆಗೆ ಒಳ್ಳೆಯದು, ಒದ್ದೆ ಇಳಿಜಾರಿನಲ್ಲಿ ಮೆಷಿನ್ ಹಿಡಿಯಲು ಅಲ್ಲ. ಹಿಡಿತ ಇರುವ ಬೂಟು ಹಾಕಿ. ಮನೆ ಸೌದೆಗೆ ಇಷ್ಟೆಲ್ಲ ಬೇಕಾ ಅಂತ ಕೇಳುವವರಿದ್ದಾರೆ. ಬೇಕು.

ಪೆಟ್ರೋಲ್, ಆಯಿಲ್

ಪೆಟ್ರೋಲ್‌ಗೆ ಟೂ ಸ್ಟ್ರೋಕ್ ಆಯಿಲ್ ಬೆರೆಸಬೇಕು. 1:50 ಅಂತ ಪುಸ್ತಕದಲ್ಲಿದ್ದರೆ ಲೀಟರಿಗೆ 20 ಮಿ.ಲೀ., 1:25 ಅಂತಿದ್ದರೆ 40 ಮಿ.ಲೀ. ಅಂದಾಜಿಗೆ ಸುರಿಯಬೇಡಿ. ಆಯಿಲ್ ಕಡಿಮೆ ಆದರೆ ಪಿಸ್ಟನ್ ಹಿಡಿದುಕೊಂಡು ಮೆಷಿನ್ ಅಲ್ಲಿಗೇ ಮುಗಿಯಿತು. ಈಗಿನ ಪೆಟ್ರೋಲ್‌ನಲ್ಲಿ 20 ಪ್ರತಿಶತದವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ನಮ್ಮ ಹವೆಯಲ್ಲಂತೂ ಇನ್ನೂ ಬೇಗ. ಒಂದು ವಾರಕ್ಕೆ ಬೇಕಾದಷ್ಟೇ ಬೆರೆಸಿ.

ಚೈನ್‌ಗೆ ಹಳೆ ಇಂಜಿನ್ ಆಯಿಲ್ ಹಾಕುವ ರೂಢಿ ತುಂಬ ಇದೆ. ದಯವಿಟ್ಟು ಬಿಡಿ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಪಂಪ್ ಮತ್ತು ಬಾರ್ ಎರಡನ್ನೂ ತಿನ್ನುತ್ತದೆ. ಅದು ಚಿಮ್ಮುವುದು ನಿಮ್ಮ ಮೈಮೇಲೆ, ಇಳಿಯುವುದು ಕಾಫಿ ಬುಡಕ್ಕೆ, ಅಲ್ಲಿಂದ ತೋಡಿಗೆ. ಚೈನ್ ಆಯಿಲ್ ಅಂತಲೇ ಸಿಗುತ್ತದೆ. ಪೆಟ್ರೋಲ್ ಟ್ಯಾಂಕ್ ತುಂಬಿದಾಗಲೆಲ್ಲ ಆಯಿಲ್ ಟ್ಯಾಂಕೂ ತುಂಬಿ.

ಇಳಿಜಾರಿನಲ್ಲಿ ಕೊಯ್ಯುವುದು

ಮೊದಲು ದಿಮ್ಮಿ ಸುತ್ತ ಜಾಗ ಬಿಡಿಸಿ. ಮರಕ್ಕೆ ಕರಿಮೆಣಸಿನ ಬಳ್ಳಿ ಇದ್ದರೆ ಅದನ್ನು ಕಟ್ಟಿದ ಹಗ್ಗ, ವಯರ್ ಎಲ್ಲ ತೆಗೆಯಿರಿ. ಚೈನ್‌ಗೆ ಸುತ್ತಿಕೊಂಡರೆ ಕಷ್ಟ. ಬೇಲಿಯ ಮರ ಆದರೆ ತೊಗಟೆ ಒಳಗೆ ಮುಳ್ಳುತಂತಿ, ಮೊಳೆ ಹುದುಗಿರುತ್ತದೆ. ನೆಲದಿಂದ ನಾಲ್ಕಡಿ ಎತ್ತರದವರೆಗಿನ ಭಾಗವನ್ನು ಕೊಡಲಿಗೆ ಬಿಡುವುದೇ ಒಳ್ಳೆಯದು.

ಮೆಷಿನ್ ನೆಲದ ಮೇಲಿಟ್ಟು, ಬ್ರೇಕ್ ಹಾಕಿ, ಹಿಂದಿನ ಹಿಡಿಯೊಳಗೆ ಬೂಟಿನ ತುದಿ ಇಟ್ಟು ಸ್ಟಾರ್ಟ್ ಮಾಡಿ. ಗಾಳಿಯಲ್ಲಿ ತೂಗಿ ಎಳೆಯಬೇಡಿ. ದಿಮ್ಮಿಯ ಮೇಲ್ಗಡೆ ನಿಲ್ಲಿ. ತುಂಡಾದದ್ದು ಉರುಳಿದರೆ ಕೆಳಕ್ಕೆ ತಾನೆ ಹೋಗುವುದು. ಬಾರಿನ ತುದಿಯ ಮೇಲಿನ ಕಾಲು ಭಾಗ ಯಾವುದಕ್ಕೂ ತಾಗಬಾರದು. ನನ್ನ ಮೆಷಿನ್ ಒದ್ದದ್ದು ಅಲ್ಲಿ ತಾಗಿದ್ದರಿಂದಲೇ. ಎಡಗೈ ಹೆಬ್ಬೆರಳು ಹಿಡಿಯನ್ನು ಸುತ್ತಿರಲಿ, ಮುಖ ಬಾರಿನ ನೇರಕ್ಕೆ ಬರದಿರಲಿ.

ದಿಮ್ಮಿಯ ಎರಡು ತುದಿ ಏರಿನ ಮೇಲಿದ್ದು ಮಧ್ಯ ತೂಗುತ್ತಿದ್ದರೆ, ಮೇಲಿನಿಂದ ಪೂರ್ತಿ ಕೊಯ್ಯಲು ಹೋಗಬೇಡಿ, ಬಾರ್ ಸಿಕ್ಕಿಕೊಳ್ಳುತ್ತದೆ. ಮೇಲಿನಿಂದ ಮೂರನೇ ಒಂದು ಭಾಗ ಕೊಯ್ದು, ಆಮೇಲೆ ಕೆಳಗಿನಿಂದ ಮುಗಿಸಿ. ಒಂದು ತುದಿ ಗಾಳಿಯಲ್ಲಿ ತೂಗುತ್ತಿದ್ದರೆ ಉಲ್ಟಾ: ಮೊದಲು ಕೆಳಗಿನಿಂದ ಸ್ವಲ್ಪ, ಆಮೇಲೆ ಮೇಲಿನಿಂದ. ನೆಲಕ್ಕೆ ಮಲಗಿದ ದಿಮ್ಮಿಯನ್ನು ಮುಕ್ಕಾಲು ಕೊಯ್ದು ನಿಲ್ಲಿಸಿ, ಉರುಳಿಸಿ, ಉಳಿದದ್ದನ್ನು ಮೇಲಿನಿಂದ ಮುಗಿಸಿ. ಮಣ್ಣು ತಾಗುವುದಿಲ್ಲ. ಒಂದೆರಡು ಮರದ ಬೆಣೆ ಜೇಬಿನಲ್ಲಿರಲಿ.

ಒಬ್ಬರೇ ಕೊಯ್ಯಬೇಡಿ. ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿ ಕಡೆಯವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಕಿವಿಗೆ ಮಫ್ ಹಾಕಿ ಮೆಷಿನ್ ಓಡಿಸುವವನಿಗೆ ಆನೆ ಹತ್ತಿರ ಬಂದರೂ ಕೇಳಿಸುವುದಿಲ್ಲ. ಸುತ್ತ ನೋಡಿಕೊಂಡು ನಿಲ್ಲಲು ಒಬ್ಬರು ಬೇಕೇ ಬೇಕು. ಅವರು ಕೈಯೆತ್ತಿದರೆ ಮೆಷಿನ್ ಆಫ್ ಮಾಡುವುದು ಅಂತ ಮೊದಲೇ ಮಾತಾಡಿಕೊಳ್ಳಿ.

ಇನ್ನು ಅನುಮತಿ. ಬಿದ್ದ ಮರವೇ ಆದರೂ ಬೀಟೆ, ತೇಗ, ಗಂಧ ಆದರೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳದೆ ಮುಟ್ಟಬೇಡಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಲ್ಲಿ ಸಿಲ್ವರ್ ಓಕ್‌ನಂಥ ಕೆಲವು ಮರಗಳಿಗೆ ವಿನಾಯಿತಿ ಇದೆ. ಜಾಗ ಬಾಣೆಯೋ (ಗದ್ದೆಯ ಜೊತೆಗೆ ಸೌದೆ, ಮೇವಿಗೆ ಅಂತ ಬಿಟ್ಟ ಜಾಗ), ಹಿಡುವಳಿಯೋ ಅನ್ನುವುದರ ಮೇಲೆ ಬೇರೆ ನಿಯಮಗಳೂ ಬರುತ್ತವೆ. ನಿಂತ ಮರ ಕಡಿಯುವ ಮೊದಲು ಒಂದು ಸಲ ಕಚೇರಿಗೆ ಹೋಗಿ ಬನ್ನಿ.

ಸಾಣೆ

16 ಇಂಚಿನ ಹರಿತ ಚೈನ್ ಎದುರು 22 ಇಂಚಿನ ಮೊಂಡು ಚೈನ್ ನಿಲ್ಲುವುದಿಲ್ಲ. ಬೀಳುವ ಹುಡಿಯನ್ನು ನೋಡಿ. ಸಣ್ಣ ಸಣ್ಣ ಚಕ್ಕೆ ಬಿದ್ದರೆ ಹರಿತ ಇದೆ. ಹಿಟ್ಟಿನ ಹಾಗೆ ಬಿದ್ದರೆ, ನೀವು ಒತ್ತಿ ಹಿಡಿಯಬೇಕಾಗಿ ಬಂದರೆ ಮೊಂಡಾಗಿದೆ. ಕೊಯ್ತ ಒಂದು ಕಡೆಗೆ ಸೊಟ್ಟ ಹೋದರೆ ಆ ಕಡೆಯ ಹಲ್ಲು ಮತ್ತು ಈ ಕಡೆಯ ಹಲ್ಲು ಸಮ ಇಲ್ಲ.

ಗುಂಡು ಅರ ಬೇಕು. 3/8 ಲೋ ಪ್ರೊಫೈಲ್ ಚೈನ್‌ಗೆ 4 ಮಿ.ಮೀ., .325ಕ್ಕೆ 4.8 ಮಿ.ಮೀ. ಅರದ ಹಿಡಿಯ ಮೇಲೆ 30 ಡಿಗ್ರಿ ಗೆರೆ ಇರುವ ಗೈಡ್ ಸಿಗುತ್ತದೆ, ಕೊಂಡುಕೊಳ್ಳಿ. ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಅಲ್ಲಿಂದ ಶುರು ಮಾಡಿ. ಒಳಗಿನಿಂದ ಹೊರಗೆ ಮಾತ್ರ ತಳ್ಳಬೇಕು, ಹಿಂದಕ್ಕೆ ಉಜ್ಜಬಾರದು. ಪ್ರತಿ ಹಲ್ಲಿಗೆ ಎರಡು ಮೂರು ಏಟು, ಎಲ್ಲಕ್ಕೂ ಅಷ್ಟೇ. ಒಂದು ಸಾಲು ಮುಗಿಸಿ ಇನ್ನೊಂದು ಸಾಲು. ಪ್ರತಿ ಟ್ಯಾಂಕ್ ಪೆಟ್ರೋಲ್ ಮುಗಿದಾಗ ಹೀಗೆ ಹತ್ತು ನಿಮಿಷ ಕೂತರೆ ದಿನವಿಡೀ ಕೆಲಸ ಹಗುರ. ನಾಲ್ಕೈದು ಸಲ ಸಾಣೆ ಆದ ಮೇಲೆ ಹಲ್ಲಿನ ಮುಂದಿರುವ ಗುಬ್ಬಿಯನ್ನೂ ಚಪ್ಪಟೆ ಅರದಿಂದ ಇಳಿಸಬೇಕು, ಹಲ್ಲಿಗಿಂತ ಸುಮಾರು 0.65 ಮಿ.ಮೀ. ಕೆಳಗೆ. ಅದನ್ನು ಅಳೆಯುವ ಪಟ್ಟಿಯೂ ಸಿಗುತ್ತದೆ. ಜಾಸ್ತಿ ಇಳಿಸಿದರೆ ಮೆಷಿನ್ ಹಿಡಿದು ಹಿಡಿದು ಒದೆಯುತ್ತದೆ.

ಚೈನ್ ಬಿಗಿ ನೋಡುವುದು ಹೀಗೆ: ಮೆಷಿನ್ ಆಫ್ ಮಾಡಿ, ಗ್ಲೌಸ್ ಹಾಕಿದ ಕೈಯಲ್ಲಿ ಬಾರಿನ ಮಧ್ಯೆ ಚೈನ್ ಎತ್ತಿ. ಒಳಹಲ್ಲು ಸಂದಿಯಿಂದ ಪೂರ್ತಿ ಹೊರಗೆ ಬರಬಾರದು, ಚೈನ್ ಕೈಯಲ್ಲಿ ಸಲೀಸಾಗಿ ಓಡಬೇಕು. ಬಿಸಿಯಲ್ಲಿ ಬಿಗಿ ಮಾಡಿದ್ದರೆ ಕೆಲಸ ಮುಗಿದ ಮೇಲೆ ಸಡಿಲಿಸಿ. ತಣ್ಣಗಾದಾಗ ಅದು ಕುಗ್ಗಿ ಬಾರ್ ಮತ್ತು ಬೇರಿಂಗನ್ನು ಎಳೆಯುತ್ತದೆ. ಬಾರನ್ನು ಆಗಾಗ ತಲೆಕೆಳಗು ಮಾಡಿ ಹಾಕಿದರೆ ಎರಡೂ ಅಂಚು ಸಮನಾಗಿ ಸವೆಯುತ್ತವೆ.

ಮಳೆಗೆ ಮುಂಚೆ ಎತ್ತಿಡುವುದು

ಮೇ ಕೊನೆಯಲ್ಲಿ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿ. ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಉಳಿದರೆ ಸೆಪ್ಟೆಂಬರ್ ಹೊತ್ತಿಗೆ ಒಳಗೆಲ್ಲ ಅಂಟು. ಬಾರ್ ಬಿಚ್ಚಿ ಸಂದಿಯ ಹುಡಿ ಕೆರೆದು ತೆಗೆಯಿರಿ. ಹಲಸು ಕೊಯ್ದಿದ್ದರೆ ಅದರ ಮೇಣ ಗಟ್ಟಿಯಾಗಿ ಕೂತಿರುತ್ತದೆ, ಸೀಮೆಎಣ್ಣೆಯಲ್ಲಿ ತೊಳೆದರೆ ಬಿಡುತ್ತದೆ. ಚೈನ್ ಅನ್ನು ಆಯಿಲ್‌ನಲ್ಲಿ ಅದ್ದಿ ಡಬ್ಬಿಯಲ್ಲಿಡಿ. ಮಧ್ಯೆ ಗಾಳಿಗೆ ದಾರಿಗೆ ಮರ ಬಿದ್ದರೆ ಬೇಕಾಗುತ್ತದೆ ಅನ್ನುವವರು ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಹೊಸ ಪೆಟ್ರೋಲ್ ಹಾಕಿ ಐದು ನಿಮಿಷ ಓಡಿಸಿ, ಮತ್ತೆ ಖಾಲಿ ಮಾಡಿ. ಪಿಚ್, ಗೇಜ್, ಒಳಹಲ್ಲಿನ ಸಂಖ್ಯೆ, ಈ ಮೂರು ನಂಬರನ್ನು ಸೌದೆ ಕೊಟ್ಟಿಗೆ ಬಾಗಿಲ ಹಿಂದೆ ಪೇಂಟಿನಲ್ಲಿ ಬರೆದಿಡಿ. ಪೇಟೆಗೆ ಹೋಗುವವರು ಯಾರೇ ಆದರೂ ಅದನ್ನು ನೋಡಿಕೊಂಡು ಸರಿಯಾದ ಚೈನ್ ತರಬಹುದು.